ಮಗು ಬಾಯಿ ಬಿಟ್ಟ ಮೊದಲ ಹತ್ತು ನಿಮಿಷ: ಕಾರ್ಯಕರ್ತರ ತರಬೇತಿ ಹೀಗಿರಲಿ

ರಾಯಚೂರು, ಕೊಪ್ಪಳ ಕಡೆ ಹದಿಹರೆಯದ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಎಂದರೆ ಹೆಚ್ಚಿನ ಕಡೆ ಕಾನೂನಿನ ಭಾಷಣ. ಕಲಂಗಳೆಲ್ಲ ಬಾಯಿಪಾಠ ಆಗಿರುತ್ತವೆ. ಆದರೆ ಹತ್ತನೇ ತರಗತಿ ಹುಡುಗಿಯೊಬ್ಬಳು ಬಂದು "ಅಕ್ಕಾ, ಒಂದು ಮಾತು ಹೇಳ್ತೀನಿ, ಯಾರ ಮುಂದೂ ಹೇಳಬ್ಯಾಡ್ರಿ" ಅಂದಾಗ ಕಾರ್ಯಕರ್ತೆ ತಡವರಿಸುತ್ತಾಳೆ. ಎರಡು ದಿನದ ತರಬೇತಿ ಇದ್ದರೆ ಅರ್ಧ ಸಮಯ ಈ ಗಳಿಗೆಗೇ ಕೊಡಿ.

ಮೊದಲು ಆಯ್ಕೆ. "ನಮ್ಮೂರವರೇ, ಗೊತ್ತಿದ್ದವರೇ" ಎಂಬುದು ಸಾಲದು. ಮಕ್ಕಳಿಗೆ ಕೇಡು ಮಾಡುವವರು ಹೆಚ್ಚಾಗಿ ಗೊತ್ತಿದ್ದವರೇ ಆಗಿರುತ್ತಾರೆ. ಗುರುತಿನ ಚೀಟಿ, ಪೊಲೀಸ್ ಪರಿಶೀಲನಾ ಪತ್ರ, ಸಂಬಂಧಿಕರಲ್ಲದ ಇಬ್ಬರ ಜೊತೆ ಫೋನಿನಲ್ಲಿ ಮಾತು, ಈ ಮೂರೂ ಆಗಬೇಕು. ಮಗುವಿನ ಜೊತೆ ಬಾಗಿಲು ಮುಚ್ಚಿ ಕೂರುವಂತಿಲ್ಲ, ಬೈಕಿನಲ್ಲಿ ಒಬ್ಬರನ್ನೇ ಕರೆದೊಯ್ಯುವಂತಿಲ್ಲ, ರಾತ್ರಿ ಮೆಸೇಜು ಮಾಡುವಂತಿಲ್ಲ, ಫೋನ್ ರೀಚಾರ್ಜ್ ಮಾಡಿಸಿಕೊಡುವಂತಿಲ್ಲ ಎಂಬ ನಿಯಮಗಳಿಗೆ ಸಹಿ ಹಾಕಲು ಹಿಂದೇಟು ಹಾಕುವವರು ಬೇಡ, ಎಷ್ಟೇ ಉತ್ಸಾಹ ಇರಲಿ.

ಒಂದು ತಂಡದಲ್ಲಿ ಹದಿನೈದರಿಂದ ಹದಿನೆಂಟು ಜನ ಸಾಕು. ತಾಂಡಾಗಳಿಗೆ ಹೋಗುವ ತಂಡದಲ್ಲಿ ಲಂಬಾಣಿ ಬಲ್ಲವರಿರಲಿ. ಬಳ್ಳಾರಿ, ರಾಯಚೂರು ಕಡೆ ತೆಲುಗು, ಉರ್ದು ಬಲ್ಲವರೂ ಬೇಕಾಗುತ್ತಾರೆ. ಮಗುವಿನ ಮಾತನ್ನು ಸಂಬಂಧಿಕರಿಂದ ಅನುವಾದ ಮಾಡಿಸಬೇಡಿ.

ಮೊದಲ ದಿನ ಬೆಳಿಗ್ಗೆ ದೊಡ್ಡ ಹಾಳೆ ಹಾಸಿ, ತಮ್ಮೂರಿನ ವರ್ಷದ ಕ್ಯಾಲೆಂಡರ್ ಬರೆಯಲು ಹೇಳಿ. ಯಾವ ತಿಂಗಳು ಜನ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿ ಹತ್ತಿರ ಉಳಿಯುತ್ತಾರೋ ಜೊತೆಗೇ ಹೋಗುತ್ತಾರೋ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಬಿಡಿಸುವುದು ಯಾವಾಗ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಮೇಲೆ ಎಷ್ಟು ಮದುವೆ. ಜಾತ್ರೆಗಳೂ ಬರಲಿ. ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯನ್ನು ದೇವದಾಸಿ ಮಾಡುವುದನ್ನು, 1982ರ ಕರ್ನಾಟಕದ ಕಾಯ್ದೆ ನಿಷೇಧಿಸಿದೆ, ಆದರೂ ಆ ಕಡೆ ಕಣ್ಣಿರಬೇಕು. ಯಾವ ವಾರ ಯಾವ ಓಣಿಗೆ ಹೋಗಬೇಕು ಎಂಬುದು ಈ ಹಾಳೆಯಿಂದಲೇ ತಿಳಿಯುತ್ತದೆ. ಅದನ್ನು ಗೋಡೆಗೆ ಅಂಟಿಸಿಡಿ.

ಇನ್ನು ಅಭ್ಯಾಸ. ಮೂವರ ಗುಂಪು ಮಾಡಿ: ಒಬ್ಬರು ಮಗು, ಒಬ್ಬರು ಕೇಳುವವರು, ಒಬ್ಬರು ಸುಮ್ಮನೆ ನೋಡುವವರು. ಎಂಟು ನಿಮಿಷ ಮಾತು, ಐದು ನಿಮಿಷ ಚರ್ಚೆ, ಆಮೇಲೆ ಪಾತ್ರ ಬದಲು. ಕೇಳುವವರು ಎಷ್ಟು ಪ್ರಶ್ನೆ ಹಾಕಿದರು ಎಂಬುದನ್ನಷ್ಟೇ ನೋಡುವವರು ಎಣಿಸಬೇಕು. ಮೊದಲ ಸುತ್ತಿನಲ್ಲಿ ಪ್ರಶ್ನೆಗಳ ಮಳೆಯೇ ಸುರಿಯುತ್ತದೆ. "ನೀನ್ಯಾಕ ಅಲ್ಲಿಗೆ ಹೋಗಿದ್ದಿ?" ಎಂದರೆ ತಪ್ಪು ಮಗುವಿನ ತಲೆಗೆ ಬಂತು. "ನಿಮ್ಮ ಮಾವ ಮುಟ್ಟಿದನೇನು?" ಎಂದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ, ಮುಂದೆ ನ್ಯಾಯಾಲಯದಲ್ಲಿ ಪ್ರಕರಣ ಬೀಳುವುದು ಇಂಥ ಕಡೆ. "ಹೇಳವ್ವ, ಕೇಳಕತ್ತೀನಿ", "ಆಮೇಲೆ ಏನಾತು?" ಇಷ್ಟರಲ್ಲೇ ಕೆಲಸ ಆಗಬೇಕು.

ಗುಟ್ಟಿನ ಪ್ರಶ್ನೆಗೆ ಉತ್ತರ ನಾಲಿಗೆ ತುದಿಯಲ್ಲಿರಲಿ: "ಎಲ್ಲಾರ ಮುಂದ ಹೇಳಂಗಿಲ್ಲ. ಆದ್ರ ನಿನಗ ತೊಂದ್ರಿ ಆಗೋ ಮಾತಿದ್ರ ಸಹಾಯ ಮಾಡೋರಿಗೆ ಹೇಳಬೇಕಾಗ್ತೈತಿ. ಯಾರಿಗೆ ಹೇಳ್ತೀನಿ ಅನ್ನೋದು ಮೊದಲು ನಿನಗ ಹೇಳ್ತೀನಿ." ಪ್ರತಿಯೊಬ್ಬರೂ ಇದನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಲಿ. ಗುಟ್ಟು ಕಾಯುತ್ತೇನೆಂದು ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಇನ್ನೊಮ್ಮೆ ಯಾರ ಹತ್ತಿರವೂ ಬಾಯಿ ಬಿಡಲಿಕ್ಕಿಲ್ಲ.

ಒಂದು ಗಂಟೆಯೊಳಗೆ ಬರೆದಿಡಬೇಕು. ದಿನಾಂಕ, ಸಮಯ, ಜಾಗ, ಮಗುವಿನದೇ ಮಾತು. "ಮೈ ಮುಟ್ಟಿದ" ಎಂದಿದ್ದರೆ ಅದನ್ನೇ ಬರೆಯಿರಿ, "ಲೈಂಗಿಕ ದೌರ್ಜನ್ಯ ನಡೆದಿದೆ" ಎಂದು ತಿದ್ದಬೇಡಿ. ಹಾಳೆ ಬೀಗ ಹಾಕಿದ ಅಲ್ಮೆರಾದಲ್ಲಿರಲಿ. ಮಗುವಿನ ಫೋಟೊ, ಹೆಸರು, ಶಾಲೆ, ಊರು ಯಾವುದೂ ವಾಟ್ಸಾಪ್ ಗುಂಪಿಗೆ ಹೋಗಬಾರದು. ಬಾಲನ್ಯಾಯ ಕಾಯ್ದೆಯ 74ನೇ ಕಲಂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೋ ಕಾಯ್ದೆಯ 23ನೇ ಕಲಂ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತವೆ. ಒಳ್ಳೆಯ ಮನಸ್ಸಿನವರೇ ಹೆಚ್ಚು ಎಡವುವುದು ಇಲ್ಲಿ, "ರಕ್ಷಿಸಿದೆವು" ಎಂಬ ಸಂತೋಷದಲ್ಲಿ.

ಪೋಕ್ಸೋ ವಿಷಯವಾದರೆ ಪೊಲೀಸರಿಗೆ ತಿಳಿಸುವುದು ತಿಳಿದ ಪ್ರತಿಯೊಬ್ಬರ ಹೊಣೆ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಸಜೆ ಆಗಬಹುದು. ಮುಖ್ಯೋಪಾಧ್ಯಾಯರ, ಸಂಸ್ಥೆ ಅಧ್ಯಕ್ಷರ ಅನುಮತಿಗೆ ಕಾಯಬೇಕಿಲ್ಲ. ಹಿರಿಯರು ಕೂತು ರಾಜಿ ಮಾಡಿಸುತ್ತೇವೆ ಎಂದರೂ ಒಪ್ಪಬೇಡಿ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಕಡೆ, ಸಮವಸ್ತ್ರ ಇಲ್ಲದೆ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ದಾಖಲಿಸಬೇಕು ಎಂದು ಕಾಯ್ದೆಯಲ್ಲಿದೆ. ಇದನ್ನು ಮಗುವಿಗೂ ಹೇಳಿ, ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕಾದದ್ದು ಹಂದರ ಹಾಕಿದ ಮೇಲಲ್ಲ, ಮಾತುಕತೆ ನಡೆಯುವಾಗಲೇ. ಆಗ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಲು ಸಮಯ ಇರುತ್ತದೆ. ವಯಸ್ಸಿಗೆ ಆಧಾರ್ ಕಾರ್ಡ್ ನಂಬಿ ಕೂರಬೇಡಿ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ನೋಡಲು ಹೇಳುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಮದುವೆ ಮಾಡುವುದಿಲ್ಲ ಎಂದು ಮನೆಯವರಿಂದ ಮುಚ್ಚಳಿಕೆ ಬರೆಸಿಕೊಂಡು ಬಂದರೆ ಮುಗಿಯಲಿಲ್ಲ. ಬೇರೆ ಊರಿನ ಸಂಬಂಧಿಕರ ಮನೆಯಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುವ ಅಪಾಯ ಇದ್ದೇ ಇರುತ್ತದೆ. ಮುಂದಿನ ಮೂರು ತಿಂಗಳು, ಹದಿನೈದು ದಿನಕ್ಕೊಮ್ಮೆಯಾದರೂ ಹುಡುಗಿಯನ್ನು ಕಣ್ಣಾರೆ ನೋಡಿ ಬರಬೇಕು.

ಸಾಯುವ ಮಾತು ಬಂದರೆ ಸುತ್ತಿ ಬಳಸದೆ ಕೇಳಲು ಕಲಿಸಿ: "ಜೀವ ಕಳಕೋಬೇಕು ಅನಸ್ತೈತೇನು?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಬರುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಹೊಲಕ್ಕೆ ಹೊಡೆಯುವ ಎಣ್ಣೆಯನ್ನು (ಕೀಟನಾಶಕ) ಅದೇ ದಿನ ಬೀಗದೊಳಗೆ ಇಡಿಸಿ, ಮಾನಸಿಕ ಆರೋಗ್ಯದ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಜೊತೆಗೇ ಕೂತು ಕರೆ ಮಾಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ.

ಎರಡನೇ ದಿನ ಸಂಜೆ ಪ್ರಮಾಣಪತ್ರ ಹಂಚಬೇಡಿ. ಅನುಭವಿ ಕಾರ್ಯಕರ್ತರ ಜೊತೆ ಎರಡು ಮನೆ ಭೇಟಿ ಮುಗಿಸಿ, ಒಂದು ವರದಿ ಸರಿಯಾಗಿ ಬರೆದ ಮೇಲೆ ಕೊಡಿ. ತಿಂಗಳಿಗೊಮ್ಮೆ ಒಂದೂವರೆ ಗಂಟೆ ಎಲ್ಲರೂ ಕೂತು, ಮಗುವಿನ ಹೆಸರು ಎತ್ತದೆ, ಭಾರವಾದದ್ದನ್ನು ಹೇಳಿಕೊಳ್ಳಲಿ. ಆರು ತಿಂಗಳಿಗೊಮ್ಮೆ ಮೂವರ ಗುಂಪಿನ ಅಭ್ಯಾಸ ಮತ್ತೆ ನಡೆಯಲಿ, ಹಳಬರಿಗೂ ವಿನಾಯಿತಿ ಬೇಡ.