ದೇವರ ಕಥೆಯೊಳಗೆ ಹೋಗಿ ಬರುವ ಆಟ: ರೂನ್‌ಕ್ವೆಸ್ಟ್ ಆಡಿಸುವುದು ಹೇಗೆ?

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಗುಹೆ, ರಾಕ್ಷಸ, ಚಿನ್ನದ ಪೆಟ್ಟಿಗೆ. ರೂನ್‌ಕ್ವೆಸ್ಟ್‌ನ ದಾರಿ ಬೇರೆ. ಇಲ್ಲಿ ನಿಮ್ಮ ಪಾತ್ರಕ್ಕೆ ಒಂದು ಊರಿದೆ, ಕುಲವಿದೆ, ಸಾಲವಿದೆ, ನಂಬಿದ ದೇವರಿದೆ. ಆ ದೇವರು ಹಿಂದೆ ಮಾಡಿದ ಸಾಹಸದೊಳಗೇ ನೀವು ಕಾಲಿಡಬಹುದು. ಅಲ್ಲಿ ನೀವು ಏನು ಮಾಡುತ್ತೀರೋ ಅದರಿಂದ ಊರಿನ ಮಳೆ, ಬೆಳೆ, ಮಕ್ಕಳ ಭವಿಷ್ಯ ಬದಲಾಗುತ್ತದೆ.

ಈ ಆಟ ನಡೆಯುವ ಲೋಕದ ಹೆಸರು ಗ್ಲೊರಾಂಥಾ. ಅಮೆರಿಕದ ಗ್ರೆಗ್ ಸ್ಟಾಫರ್ಡ್ 1966ರಲ್ಲಿ ಅದರ ಕಥೆಗಳನ್ನು ಬರೆಯಲು ಶುರುಮಾಡಿದರು. 1975ರಲ್ಲಿ ಕೇಯಾಸಿಯಂ ಎಂಬ ಕಂಪನಿ ಕಟ್ಟಿ, ಆ ಲೋಕದ ಮೇಲೆ ಒಂದು ಬೋರ್ಡ್ ಗೇಮ್ ತಂದರು. 1978ರಲ್ಲಿ ರೂನ್‌ಕ್ವೆಸ್ಟ್ ಬಂತು. ಅದರ ನಿಯಮಗಳನ್ನು ರೂಪಿಸಿದವರಲ್ಲಿ ಮುಖ್ಯರು ಸ್ಟೀವ್ ಪೆರಿನ್. ಸ್ಟಾಫರ್ಡ್ 2018ರಲ್ಲಿ ತೀರಿಕೊಂಡರು. ಆಟದ ಒಂದು ಹೊಸ ಆವೃತ್ತಿ ಬಂದದ್ದೂ ಅದೇ ವರ್ಷ. ನಾನು ಇಲ್ಲಿ ಹೇಳುತ್ತಿರುವುದು ಆ ಆವೃತ್ತಿಯ ಬಗ್ಗೆ.

ಮೊದಲು ಬೇಕಾದದ್ದು

ಆಡಿಸುವ ಗೇಮ್ ಮಾಸ್ಟರ್ ಒಬ್ಬರು, ಆಡುವವರು ಮೂರರಿಂದ ಐದು ಜನ. ಮೂರು ನಾಲ್ಕು ಗಂಟೆ ಬಿಡುವು. ಡೈಸ್‌ಗಳಲ್ಲಿ ಮುಖ್ಯವಾದದ್ದು ಹತ್ತು ಮುಖದ ಎರಡು. ಒಂದು ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ಎರಡೂ ಸೇರಿ 1ರಿಂದ 100ರವರೆಗಿನ ಒಂದು ಸಂಖ್ಯೆ ಸಿಗುತ್ತದೆ. ನಿಮ್ಮ ಕತ್ತಿವರಸೆ 65 ಅಂತ ಇದ್ದರೆ, 65 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದಿರಿ. ಇಷ್ಟು ಗೊತ್ತಾದರೆ ಹೊಸಬರು ಕೂಡ ಆಡಲು ಕೂರಬಹುದು.

ದೊಡ್ಡ ಪುಸ್ತಕ ಕೊಳ್ಳುವ ಮೊದಲು ಕೇಯಾಸಿಯಂ ಉಚಿತವಾಗಿ ಕೊಡುವ ಕ್ವಿಕ್‌ಸ್ಟಾರ್ಟ್ ಪಿಡಿಎಫ್ ನೋಡಿ. ಅದರಲ್ಲಿ ಚಿಕ್ಕದಾಗಿ ನಿಯಮಗಳಿವೆ, ತಯಾರಾದ ಪಾತ್ರಗಳಿವೆ, ಆಡಿಸಲು ಒಂದು ಕಥೆಯೂ ಇದೆ. ಇಷ್ಟವಾದರೆ ಆಮೇಲೆ ಸ್ಟಾರ್ಟರ್ ಸೆಟ್ ತರಿಸಿಕೊಳ್ಳಿ. ಅದರಲ್ಲಿ ಒಬ್ಬರೇ ಕೂತು ಆಡಿ ನಿಯಮ ಕಲಿಯುವ ಒಂದು ಪುಸ್ತಕವೂ ಇದೆ. ಗೇಮ್ ಮಾಸ್ಟರ್ ಆಗುವವರು ಅದನ್ನು ಮೊದಲು ಆಡಿ ಮುಗಿಸಿದರೆ ಅರ್ಧ ಭಯ ಹೋಗುತ್ತದೆ.

ಲೋಕವನ್ನು ಪಾಠ ಮಾಡಬೇಡಿ

ಗ್ಲೊರಾಂಥಾದ ಬಗ್ಗೆ ಐವತ್ತಕ್ಕೂ ಹೆಚ್ಚು ವರ್ಷಗಳ ಬರಹ ಇದೆ. ಓದುತ್ತಾ ಹೋದರೆ ಮುಗಿಯುವುದಿಲ್ಲ. ಓದಿದ್ದನ್ನೆಲ್ಲ ಆಟಗಾರರ ಮುಂದೆ ಸುರಿದರೆ ಅರ್ಧ ಗಂಟೆಯಲ್ಲಿ ಎಲ್ಲರೂ ಫೋನ್ ನೋಡುತ್ತಿರುತ್ತಾರೆ. ಒಂದೇ ಒಂದು ಕಥೆ ಹೇಳಿ ಸಾಕು. ಅದು ಈ ಕಥೆ.

ಬಿರುಗಾಳಿಯ ದೇವರು ಓರ್ಲಾಂತ್. ಆಕಾಶದ ಚಕ್ರವರ್ತಿ ಸೂರ್ಯ, ಅವನ ಹೆಸರು ಯೆಲ್ಮ್. ಓರ್ಲಾಂತ್‌ಗೆ ಯೆಲ್ಮ್‌ನ ದರ್ಪ ಸಹಿಸಲಾಗಲಿಲ್ಲ. ಸಾವು ಎಂಬ ಹೊಸ ಆಯುಧದಿಂದ ಅವನನ್ನು ಕೊಂದ. ಸೂರ್ಯ ಪಾತಾಳಕ್ಕೆ ಹೋದ, ಲೋಕಕ್ಕೆ ಕತ್ತಲೆ ಕವಿಯಿತು. ಕತ್ತಲೆಯಲ್ಲಿ ಲೋಕವನ್ನೇ ಅಳಿಸುವ ಕೇಯಾಸ್ ಎಂಬ ಶಕ್ತಿ ನುಗ್ಗಿತು, ದೇವರುಗಳೇ ಸತ್ತರು. ಆಗ ಓರ್ಲಾಂತ್ ತಪ್ಪು ತನ್ನದು ಎಂದು ಒಪ್ಪಿಕೊಂಡ. ಕೆಲವು ಸಂಗಾತಿಗಳ ಜೊತೆ ಪಡುವಣಕ್ಕೆ ನಡೆದು, ಪಾತಾಳಕ್ಕಿಳಿದು, ತಾನೇ ಕೊಂದವನನ್ನು ಮರಳಿ ಕರೆತಂದ. ಸೂರ್ಯ ಮತ್ತೆ ಹುಟ್ಟಿದ ಆ ದಿನದಿಂದಲೇ ಕಾಲ ಎಂಬುದು ಶುರುವಾಯಿತು.

ಇದು ಓರ್ಲಾಂತ್‌ನ ಜನ ಹೇಳುವ ಕಥೆ. ಸೂರ್ಯನನ್ನು ಪೂಜಿಸುವವರ ಬಾಯಲ್ಲಿ ಇದೇ ಘಟನೆ ಒಬ್ಬ ದಂಗೆಕೋರ ನ್ಯಾಯವಂತ ಅರಸನನ್ನು ಕೊಂದ ಕಥೆಯಾಗುತ್ತದೆ. ಕೆಂಪು ಚಂದ್ರದೇವಿಯನ್ನು ನಂಬುವ ಲೂನಾರ್ ಸಾಮ್ರಾಜ್ಯದವರ ಮಾತು ಇನ್ನೂ ಬೇರೆ. ಅವರ ದೇವಿ ಕಾಲ ಶುರುವಾದ ಮೇಲೆ ಹುಟ್ಟಿದವಳು. ಹಳೆಯ ದೇವರುಗಳ ಜಗಳವನ್ನು ಮೀರಿದವಳು ತಮ್ಮ ದೇವಿ ಎಂದು ಅವರು ನಂಬುತ್ತಾರೆ, ಕೇಯಾಸ್‌ಗೂ ಜಾಗ ಕೊಡುತ್ತಾರೆ. ಮೂವರಲ್ಲಿ ಯಾರು ಸರಿ ಅಂತ ಆಟ ತೀರ್ಪು ಕೊಡುವುದಿಲ್ಲ. ಮೂವರ ಪೂಜೆಗೂ ಫಲ ಸಿಗುತ್ತದೆ. ನನಗೆ ಈ ಆಟದ ಮೇಲೆ ಇಷ್ಟು ಪ್ರೀತಿ ಇರುವುದು ಈ ಕಾರಣಕ್ಕೇ. ಗೇಮ್ ಮಾಸ್ಟರ್ ಕೂಡ ತೀರ್ಪು ಕೊಡಬಾರದು. ಉಳಿದ ಹಂತಗಳೆಲ್ಲ ಈ ಮಾತಿನ ಮೇಲೇ ನಿಂತಿವೆ.

ಪಾತ್ರ ಕಟ್ಟುವುದು

ಮೊದಲ ಸಲ ತಯಾರಾದ ಪಾತ್ರಗಳನ್ನೇ ಕೊಡಿ. ಎರಡನೇ ಕಥೆಗೆ ಬಂದಾಗ ಪಾತ್ರ ಕಟ್ಟಲಿಕ್ಕೇ ಒಂದು ಇಡೀ ಸಂಜೆ ಇಡಿ. ಇಲ್ಲಿ ಪಾತ್ರ ಕಟ್ಟುವುದು ಅಜ್ಜ ಅಥವಾ ಅಜ್ಜಿಯಿಂದ ಶುರುವಾಗುತ್ತದೆ. ಸಾರ್ಟಾರ್ ಎಂಬ ಬೆಟ್ಟದ ನಾಡನ್ನು 1602ರಲ್ಲಿ ಲೂನಾರ್ ಸೈನ್ಯ ಗೆದ್ದುಕೊಂಡಿತು. ಇವು ಗ್ಲೊರಾಂಥಾದ ವರ್ಷಗಳು, ನಮ್ಮವಲ್ಲ. 1613ರಲ್ಲಿ ದಂಗೆ ಎದ್ದು ಸೋತಿತು. 1625ರಲ್ಲಿ ಲೂನಾರ್ ದೇವಸ್ಥಾನದ ಉದ್ಘಾಟನೆಯ ಹೊತ್ತಿಗೆ ನೆಲದಿಂದ ಮಹಾ ಡ್ರ್ಯಾಗನ್ ಎದ್ದು, ಸೇರಿದ್ದ ಅಧಿಕಾರಿಗಳನ್ನೆಲ್ಲ ನುಂಗಿತು. ನಾಡು ಸ್ವತಂತ್ರವಾಯಿತು. ನಿಮ್ಮ ಆಟ ಶುರುವಾಗುವುದು ಇದಾದ ಮೇಲೆ. ಈ ಘಟನೆಗಳಲ್ಲಿ ನಿಮ್ಮ ಅಜ್ಜಿ ಎಲ್ಲಿದ್ದಳು, ಅಪ್ಪ ಹೇಗೆ ಸತ್ತ ಅಂತ ಡೈಸ್ ಉರುಳಿಸಿ ನೋಡುತ್ತೀರಿ. ಸಿಕ್ಕ ಉತ್ತರ ಸುಮ್ನೆ ಹಿನ್ನೆಲೆಯಾಗಿ ಉಳಿಯುವುದಿಲ್ಲ. ಲೂನಾರ್ ಸಾಮ್ರಾಜ್ಯದ ಮೇಲಿನ ದ್ವೇಷ 60, ಕುಟುಂಬದ ಮೇಲಿನ ಪ್ರೀತಿ 60 ಅಂತ ಅಂಕಿಯಾಗಿ ಪಾತ್ರದ ವಿವರ ಬರೆಯುವ ಶೀಟ್‌ನಲ್ಲಿ ಕೂರುತ್ತದೆ.

ರೂನ್ ಅಂದರೆ ಈ ಲೋಕದ ಮೂಲ ಶಕ್ತಿಗಳ ಗುರುತು. ಪಾತ್ರದ ರೂನ್‌ಗಳಿಗೂ ಅಂಕಿ ಇದೆ. ಗಾಳಿ, ಭೂಮಿ, ನೀರು ಮುಂತಾದ ಧಾತುಗಳು ಒಂದು ಕಡೆ. ಸತ್ಯ–ಭ್ರಮೆ, ಸಾವು–ಫಲವಂತಿಕೆ ಇಂಥ ಜೋಡಿಗಳು ಇನ್ನೊಂದು ಕಡೆ. ಜೋಡಿಯ ಒಟ್ಟು ಯಾವಾಗಲೂ 100. ಸಾವು 75 ಆದರೆ ಫಲವಂತಿಕೆ 25ಕ್ಕೆ ಇಳಿಯುತ್ತದೆ. ಸಾವಿನ ದೇವರು ಹುಮಾಕ್ತ್‌ನ ಭಕ್ತೆ ಹೀಗೇ ಇರುತ್ತಾಳೆ. ಅವಳು ಸತ್ತರೆ ಯಾರೂ ಬದುಕಿಸುವಂತಿಲ್ಲ. ವಾಸಿ ಮಾಡುವ ದೇವತೆ ಚಲಾನಾ ಅರಾಯ್‌ನ ಭಕ್ತನಿಗೆ ಯಾರಿಗೂ ಹಿಂಸೆ ಮಾಡೆನೆಂಬ ವ್ರತ. ಈ ಇಬ್ಬರೂ ಒಂದೇ ಗುಂಪಿನಲ್ಲಿರಲಿ ಎಂಬುದು ನನ್ನ ಬಲವಾದ ಸಲಹೆ. ಅವರ ನಡುವಿನ ಎಳೆದಾಟವೇ ನಿಮಗೆ ಅರ್ಧ ಕಥೆ ಕೊಡುತ್ತದೆ.

ಯಾರಾದರೂ ಬಾತುಕೋಳಿ ರೂಪದ ಜನರ ಪಾತ್ರ ಕೇಳಿದರೆ ನಗಬೇಡಿ, ಕೊಡಿ. 1613ರ ದಂಗೆಯ ತಪ್ಪನ್ನು ಅವರ ತಲೆಗೆ ಕಟ್ಟಿ, ಲೂನಾರ್‌ಗಳು ಅವರನ್ನು ಬೇಟೆಯಾಡಿಸಿದ್ದರು. ಅವರಲ್ಲಿ ಅನೇಕರು ಹುಮಾಕ್ತ್‌ನನ್ನು ನಂಬಿದವರು.

ಮೊದಲ ಸೆಷನ್: ದನ, ಜಗಳ, ಶರಣಾಗತಿ

ಲೋಕ ಉಳಿಸುವ ಕೆಲಸದಿಂದ ಶುರುಮಾಡಬೇಡಿ. ಪಕ್ಕದ ಕುಲದವರು ನಮ್ಮ ದನ ಹೊಡೆದುಕೊಂಡು ಹೋಗಿದ್ದಾರೆ, ಬಿಡಿಸಿಕೊಂಡು ಬನ್ನಿ. ಇಷ್ಟು ಸಾಕು. ತುರುಗೋಳಿನಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನವರಿಗೆ ದನಕ್ಕಾಗಿ ಯಾಕೆ ಪ್ರಾಣ ಕೊಡುತ್ತಾರೆ ಅಂತ ವಿವರಿಸಬೇಕಿಲ್ಲ.

ಹೊಡೆದಾಟ ಇಲ್ಲಿ ಬಹಳ ಕಠಿಣ. ದೇಹವನ್ನು ತಲೆ, ಎದೆ, ಹೊಟ್ಟೆ, ಎರಡು ಕೈ, ಎರಡು ಕಾಲು ಅಂತ ಏಳು ಭಾಗ ಮಾಡಿದ್ದಾರೆ. ಒಂದು ಒಳ್ಳೆ ಏಟು ಬಿದ್ದರೆ ಕಾಲು ಕೆಲಸಕ್ಕೆ ಬಾರದು. ಬೇರೆ ಆಟಗಳಿಂದ ಬಂದವರು ಇದನ್ನು ತಿಳಿಯದೆ ನುಗ್ಗಿ ಬೀಳುತ್ತಾರೆ. ಅದಕ್ಕೇ ಕತ್ತಿ ಎತ್ತುವ ಮೊದಲೇ ಒಂದು ಮಾತು ಸ್ಪಷ್ಟವಾಗಿ ಹೇಳಿ: ಶರಣಾಗುವುದು ಈ ಜನರಲ್ಲಿ ಅವಮಾನವಲ್ಲ. ಸೆರೆ ಸಿಕ್ಕವರಿಗೆ ಒತ್ತೆ ಹಣ ಕೊಟ್ಟು ಬಿಡಿಸಿಕೊಳ್ಳುವ ಪದ್ಧತಿ ಇದೆ. ಎದುರಾಳಿಗಳೂ ಹೀಗೆ ಶರಣಾಗಲಿ. ಆಗ ಅವರಿಗೂ ಹೆಸರು ಬರುತ್ತದೆ, ಮುಂದಿನ ವಾರ ಸಂತೆಯಲ್ಲಿ ಮತ್ತೆ ಸಿಗುತ್ತಾರೆ.

ಇನ್ನೊಂದು ನಿಯಮವನ್ನು ಮೊದಲ ದಿನವೇ ಕಲಿಸಿ. ಕಷ್ಟದ ಹೊತ್ತಲ್ಲಿ ಪಾತ್ರ ತನ್ನ ಭಾವನೆಯನ್ನೋ ರೂನ್ ಅನ್ನೋ ನೆನೆದು ಬಲ ಪಡೆಯಬಹುದು. ಕುಟುಂಬದ ಪ್ರೀತಿ 60 ಇದ್ದು, ಡೈಸ್ ಅದರೊಳಗೆ ಬಿದ್ದರೆ ಕತ್ತಿಗೆ 20 ಸೇರುತ್ತದೆ. ತಪ್ಪಿದರೆ 20 ಕಳೆಯುತ್ತದೆ. ಆಟಗಾರ ಡೈಸ್ ಉರುಳಿಸುವ ಮೊದಲು "ಯಾರನ್ನು ನೆನೆದೆ?" ಅಂತ ಕೇಳಿ. "ನನ್ನ ತಂಗಿಯನ್ನು" ಅನ್ನುತ್ತಾರೆ. ತಂಗಿಗೆ ಅಲ್ಲೇ ಒಂದು ಹೆಸರು ಇಡಿಸಿ.

ಪುರಾಣದೊಳಗೆ ಇಳಿಯುವುದು

ಕೆಲವು ಸೆಷನ್ ಆದ ಮೇಲೆ, ಆಟಗಾರರಿಗೆ ತಮ್ಮ ಊರಿನ ಮೇಲೆ ಅಕ್ಕರೆ ಹುಟ್ಟಿದ ಮೇಲೆ, ಹೀರೋಕ್ವೆಸ್ಟ್ ಆಡಿಸಿ. ಇದೇ ಈ ಆಟದ ಜೀವಾಳ. ಪೂಜೆಯ ಮೂಲಕ ಪಾತ್ರಗಳು ದೇವರ ಕಾಲಕ್ಕೆ ಹೋಗಿ, ದೇವರ ಜಾಗದಲ್ಲಿ ನಿಂತು, ಅವನ ಕೆಲಸ ಮಾಡಿ, ಫಲ ತರುತ್ತವೆ.

ಉದಾಹರಣೆಗೆ, ಊರಿಗೆ ಬರ ಬಂದಿದೆ ಅನ್ನಿ. ಓರ್ಲಾಂತ್ ಅರೋಕಾ ಎಂಬ ನೀಲಿ ಡ್ರ್ಯಾಗನ್ ಅನ್ನು ಕೊಂದು, ಅದು ನುಂಗಿದ್ದ ಮಳೆ ದೇವರು ಹೇಲರ್‌ನನ್ನು ಬಿಡಿಸಿದ ಕಥೆ ಇದಕ್ಕೆ ಸರಿಯಾದದ್ದು. ನಾನು ಇದನ್ನು ಒಂದು ಹಾಳೆಯಲ್ಲಿ ಐದು ನೆಲೆಗಳಾಗಿ ಬರೆದುಕೊಳ್ಳುತ್ತೇನೆ. ಬಾಯಾರಿದ ಜನ ಬಂದು ಅಳುವುದು, ಮಳೆ ಎಲ್ಲಿ ಹೋಯಿತೆಂದು ಹುಡುಕುವುದು, ನೆರವು ಕೇಳುವುದು, ಡ್ರ್ಯಾಗನ್ ಎದುರಾಗುವುದು, ಮಳೆ ಬಿಡಿಸುವುದು. ಪ್ರತಿ ನೆಲೆಯ ಕೆಳಗೆ ಮೂರು ಸಾಲು: ದೇವರು ಏನು ಮಾಡಿದ, ಹಾಗೇ ಮಾಡಿದರೆ ಏನು ಸಿಗುತ್ತದೆ, ಬೇರೆ ಮಾಡಿದರೆ ಏನಾಗುತ್ತದೆ. ಮೂರನೇ ಸಾಲನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಆಟಗಾರರು ನೀವು ಯೋಚಿಸದೇ ಇದ್ದದ್ದನ್ನು ಮಾಡುತ್ತಾರೆ.

ಹೊರಡುವ ಮೊದಲು ಇಡೀ ಕಥೆಯನ್ನು ಅವರಿಗೆ ಹೇಳಿಬಿಡಿ. ಇದು ಹೊಸ ಗೇಮ್ ಮಾಸ್ಟರ್‌ಗಳಿಗೆ ವಿಚಿತ್ರ ಅನ್ನಿಸಬಹುದು. ಮುಂದೆ ಏನಾಗುತ್ತದೆ ಅಂತ ಗೊತ್ತಾದರೆ ಕುತೂಹಲ ಎಲ್ಲಿ ಉಳಿಯುತ್ತದೆ? ಯಕ್ಷಗಾನ ತಾಳಮದ್ದಳೆಗೆ ಹೋದವರಿಗೆ ಉತ್ತರ ಗೊತ್ತು. ವಾಲಿ ಸಾಯುತ್ತಾನೆ ಅಂತ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಸಾಯುವ ಮೊದಲು ರಾಮನಿಗೆ ಏನು ಕೇಳುತ್ತಾನೆ ಎಂಬುದು ಅರ್ಥಧಾರಿಯ ಕೈಯಲ್ಲಿದೆ, ಅದನ್ನು ಕೇಳಲಿಕ್ಕೇ ಜನ ಕೂತಿರುತ್ತಾರೆ. ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ವಾದ ಗೆದ್ದರೆ ಕಥೆಯೇ ತಿರುಗುತ್ತದೆ.

ನಾಲ್ಕನೇ ನೆಲೆಯಲ್ಲಿ ಹಿಂಸೆ ಮಾಡೆನೆಂದ ಚಲಾನಾ ಅರಾಯ್‌ನ ಭಕ್ತ ಏನು ಮಾಡುತ್ತಾನೆ? ಡ್ರ್ಯಾಗನ್ ಜೊತೆ ಮಾತಾಡುತ್ತೇನೆ ಅನ್ನಬಹುದು. ತಡೆಯಬೇಡಿ. ಹಾಗಂತ ಸುಲಭವೂ ಮಾಡಬೇಡಿ. ಅರೋಕಾ ಒಂದು ಬೆಲೆ ಕೇಳಲಿ: ಪ್ರತಿ ವರ್ಷ ಊರಿನ ಒಂದು ತೊರೆ ತನಗೆ ಸೇರಬೇಕು. ಒಪ್ಪಿದರೆ ಮಳೆ ಬಂತು, ಡ್ರ್ಯಾಗನ್ ಉಳಿಯಿತು. ಹುಮಾಕ್ತ್‌ನ ಭಕ್ತೆಗೆ ಸಿಟ್ಟು ಬಂತು. ಊರಿನವರು ಇದನ್ನು ಗೆಲುವು ಅನ್ನುತ್ತಾರೋ ದೇವರಿಗೆ ಮಾಡಿದ ದ್ರೋಹ ಅನ್ನುತ್ತಾರೋ? ಮುಂದಿನ ಐದಾರು ಸೆಷನ್‌ಗೆ ಬೇಕಾದಷ್ಟು ಸರಕು ಇಲ್ಲೇ ಸಿಕ್ಕಿತಲ್ವಾ?

ಹೀರೋಕ್ವೆಸ್ಟ್‌ಗೆ ಊರಿನ ಬೆಂಬಲವೂ ಬೇಕು. ಬೆಟ್ಟದ ಮೇಲೆ ಪೂಜೆಗೆ ಎಷ್ಟು ಜನ ಬಂದರು, ಯಾರು ಬರಲಿಲ್ಲ ಅಂತ ನೋಡಿ. ಹಿಂದೆ ಆಟಗಾರರು ಯಾರಿಗೆ ಸಹಾಯ ಮಾಡಿದ್ದರು, ಯಾರನ್ನು ಕೈಬಿಟ್ಟಿದ್ದರು ಎಂಬ ಲೆಕ್ಕ ಇಲ್ಲಿ ಬರುತ್ತದೆ.

ಆಟ ಮುಗಿದ ಮೇಲಿನ ಮಾತು

ಡೈಸ್ ಎತ್ತಿಟ್ಟ ಕೂಡಲೇ ಎದ್ದು ಹೋಗಬೇಡಿ. ಚಹಾ ಮಾಡಿ. ಇಪ್ಪತ್ತು ನಿಮಿಷ ಮಾತಿಗೆ ಇಡಿ.

ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಾತ್ರದ ಬಾಯಲ್ಲಿ, ಇವತ್ತು ನಡೆದದ್ದನ್ನು ಊರಿನವರಿಗೆ ಹೇಳಲಿ. ಒಬ್ಬಳ ಕಥೆಯಲ್ಲಿ ಡ್ರ್ಯಾಗನ್ ಮೋಸ ಮಾಡಿತು, ಇನ್ನೊಬ್ಬನ ಕಥೆಯಲ್ಲಿ ಅದಕ್ಕೂ ಬಾಯಾರಿಕೆ ಇತ್ತು. ನೀವು ಸುಮ್ಮನೆ ಕೇಳಿ, ಬರೆದುಕೊಳ್ಳಿ. ಯಾವುದು ನಿಜ ಅಂತ ಹೇಳುವ ಆಸೆ ಬಂದರೂ ತಡೆದುಕೊಳ್ಳಿ. ಎರಡನೇ ಸುತ್ತಿನಲ್ಲಿ ಪಾತ್ರ ಬಿಟ್ಟು ಆಟಗಾರರಾಗಿ ಮಾತಾಡಿ. ಎಲ್ಲಿ ಬೇಸರವಾಯಿತು, ಯಾವ ನಿಯಮ ಅಡ್ಡ ಬಂತು, ಮುಂದೆ ಏನು ಬೇಕು?

ಎಲ್ಲಾ ಗುಂಪಲ್ಲೂ ಪುಸ್ತಕಗಳನ್ನು ಜಾಸ್ತಿ ಓದಿದವರು ಒಬ್ಬರಿರುತ್ತಾರೆ. "ಪುಸ್ತಕದಲ್ಲಿ ಹಾಗಿಲ್ಲ" ಅನ್ನುತ್ತಾರೆ. ಈ ಲೋಕವನ್ನು ಪ್ರೀತಿಸುವವರ ನಡುವೆ ಇದಕ್ಕೆ ಒಂದು ಹಳೆಯ ಮಾತಿದೆ: ನಿಮ್ಮ ಗ್ಲೊರಾಂಥಾ ಬೇರೆ ಇರಬಹುದು. ನಮ್ಮ ಟೇಬಲ್‌ನಲ್ಲಿ ಒಮ್ಮೆ ನಡೆದದ್ದು ನಮ್ಮ ಮಟ್ಟಿಗೆ ನಿಜ. ಆದರೂ ಓದಿದವರನ್ನು ಬಾಯಿ ಮುಚ್ಚಿಸಬೇಡಿ. ಅವರ ಪಾತ್ರವನ್ನು ಜ್ಞಾನದ ದೇವರು ಲಾಂಕೋರ್ ಮಿಯ ಭಕ್ತನನ್ನಾಗಿ ಮಾಡಿ. ಪುಸ್ತಕದ ಮಾತನ್ನು ಅವರು ಪಾತ್ರದ ಬಾಯಲ್ಲೇ ಹೇಳಲಿ, ಉಳಿದವರು ಅದನ್ನು ಪ್ರಶ್ನಿಸಲಿ.

ನಮ್ಮವರು ಆಡುವಾಗ ಇನ್ನೊಂದು ಸಂಗತಿ ಖಂಡಿತ ಬರುತ್ತದೆ. "ಇದು ಇಂದ್ರ–ವೃತ್ರರ ಕಥೆ ಥರ ಇದೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಒಳ್ಳೆಯ ಗಮನಿಕೆ. ಅದನ್ನು ಚಹಾದ ಹೊತ್ತಿಗೆ ಉಳಿಸಿ, ಆಟದ ನಡುವೆ ಎಳೆಯಬೇಡಿ. ನಮ್ಮ ಮನೆಗಳಲ್ಲಿ ಪೂಜೆ ಪಡೆಯುವ ದೇವರುಗಳನ್ನು ಡೈಸ್‌ಗೆ ಒಡ್ಡುವುದೂ ಬೇಡ. ಯಾರ ನಂಬಿಕೆಗೆ ಎಲ್ಲಿ ನೋವಾಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಹಾಗೆಯೇ ಬ್ರೂ ಎಂಬ ಕೇಯಾಸ್ ಜೀವಿಗಳ ಕಥೆಯಲ್ಲಿ ಲೈಂಗಿಕ ಹಿಂಸೆ ಇದೆ. ಗುಲಾಮಗಿರಿಯೂ ಈ ಲೋಕದಲ್ಲಿದೆ. ಯಾವುದು ಆಟದಲ್ಲಿ ಬರಲೇಬಾರದು ಅಂತ ಮೊದಲ ದಿನವೇ ಎಲ್ಲರನ್ನೂ ಕೇಳಿ. ಒಬ್ಬರು ಬೇಡ ಅಂದರೂ ಬೇಡ. ಕಾರಣ ಕೇಳಬೇಡಿ.

ವರ್ಷ ಮುಗಿಸುವುದು

ಗ್ಲೊರಾಂಥಾದ ವರ್ಷಕ್ಕೆ 294 ದಿನ. ಐದು ಋತುಗಳು, ಒಂದೊಂದಕ್ಕೆ ಎಂಟು ವಾರ. ಕೊನೆಗೆ ಎರಡು ವಾರದ ಪವಿತ್ರ ಕಾಲ. ಒಂದು ಋತುವಿಗೆ ಒಂದು ಸಾಹಸ ಅಂತ ಇಟ್ಟುಕೊಂಡರೆ ಪಾತ್ರಗಳಿಗೆ ಉಳಿದ ದಿನ ಹೊಲ ಉಳಲು, ಮದುವೆಯಾಗಲು, ಗಾಯ ಮಾಯಲು ಸಮಯ ಸಿಗುತ್ತದೆ. ಪವಿತ್ರ ಕಾಲ ಬಂದಾಗ ಹೊಡೆದಾಟವಿಲ್ಲದ ಒಂದು ಸಂಜೆ ಇಡಿ. ಬೆಳೆ ಹೇಗಾಯಿತು, ಮನೆಯಲ್ಲಿ ಯಾರು ಹುಟ್ಟಿದರು, ಯಾರು ಹೋದರು ಅಂತ ಡೈಸ್ ಉರುಳಿಸಿ. ಅರೋಕಾಗೆ ತೊರೆ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದರೆ, ಯಾವ ತೊರೆ ಅಂತ ಊರಿನ ನಕ್ಷೆ ಹರಡಿ ಈಗ ಕೇಳಿ.