ಮದುವೆ ಊಟಕ್ಕೆ ಏನಿದೆ ಅಂತ ಮೊದಲೇ ಹೇಳಿಬಿಡಿ

ಕೊಡಗಿನ ನಮ್ಮ ಮನೆಯ ಮದುವೆಗೆ ತಂಗಿಯ ಆಫೀಸಿನವರೊಬ್ಬರು ಮೈಸೂರಿನಿಂದ ಬಂದಿದ್ದರು. ಶುದ್ಧ ಸಸ್ಯಾಹಾರಿ. ತಟ್ಟೆ ಹಿಡಿದು ಕಪ್ಪು ಕರಿಯ ಮುಂದೆ ನಿಂತು "ಇದು ಬದನೆಕಾಯಿ ಎಣ್ಣೆಗಾಯಾ?" ಅಂತ ಕೇಳಿದರು. ಬಡಿಸುವ ಹುಡುಗನಿಗೆ ಕನ್ನಡ ಬರುತ್ತಿರಲಿಲ್ಲ, ತಲೆ ಆಡಿಸಿ ಒಂದು ಸೌಟು ಹಾಕಿಯೇಬಿಟ್ಟ. ಅದು ಪಂದಿಕರಿ, ಅಂದರೆ ಹಂದಿ ಮಾಂಸ! ಪುಣ್ಯಕ್ಕೆ ಪಕ್ಕದಲ್ಲಿದ್ದ ಚಿಕ್ಕಮ್ಮ ಕೂಗಿ ತಡೆದರು. ಪಾಪ, ಅವರು ಬರೀ ಮೊಸರನ್ನ ತಿಂದು ಹೊರಟರು. ಹುರಿದ ಮಸಾಲೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಿದ್ದರೆ ಕರಿ ಹಾಗೇ ಕಪ್ಪಗಾಗುತ್ತದೆ ಅಂತ ಕೊಡಗಿನವರಿಗೆ ಗೊತ್ತು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ನಡೆದ ಎರಡು ಮದುವೆಗಳಲ್ಲಿ ಊಟದ ವಿಷಯ ಮೊದಲೇ ತಿಳಿಸುವ ಕೆಲಸ ನನ್ನ ತಲೆಗೇ ಬಂತು. ಮಾಡಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಅಡುಗೆಯವರ ಹತ್ತಿರ ಕೂತು ಪಟ್ಟಿ ಗಟ್ಟಿ ಮಾಡಿಕೊಳ್ಳಿ, ಅಲ್ಲಿವರೆಗೆ ಯಾರಿಗೂ ಏನೂ ಹೇಳಬೇಡಿ. ಲಗ್ನಪತ್ರಿಕೆಯಲ್ಲಂತೂ ಊಟದ ಪಟ್ಟಿ ಹಾಕಿಸಲೇಬೇಡಿ. ಪತ್ರಿಕೆ ಎಷ್ಟೋ ಮುಂಚೆ ಅಚ್ಚಾಗಿರುತ್ತದೆ, ಅಡುಗೆ ಕೊನೇ ವಾರದವರೆಗೂ ಬದಲಾಗುತ್ತಿರುತ್ತದೆ. ಸೀಸನ್ನಿನ ಪದಾರ್ಥದ ಹೆಸರು ಕೊಟ್ಟು ಆಸೆ ಹುಟ್ಟಿಸುವುದೂ ಬೇಡ. ಕಣಿಲೆ (ಎಳೆ ಬಿದಿರು) ಚಿಗುರುವುದು ಮಳೆಗಾಲದಲ್ಲಿ, ಏಪ್ರಿಲ್-ಮೇ ಮದುವೆಗೆ ತಾಜಾ ಕಣಿಲೆ ಎಲ್ಲಿಂದ ತರುತ್ತೀರಿ? ಕಾಡಿನ ಅಣಬೆಯದೂ ಅದೇ ಕಥೆ.

ಮದುವೆಗೆ ಹತ್ತು-ಹನ್ನೆರಡು ದಿನ ಇರುವಾಗ ವಾಟ್ಸಾಪ್‌ನಲ್ಲಿ ಕಳಿಸಿ. ಅದಕ್ಕಿಂತ ಮೊದಲು ಕಳಿಸಿದರೆ ಮರೆತುಬಿಡುತ್ತಾರೆ, ತಡ ಮಾಡಿದರೆ ಅವರ ಉತ್ತರ ನೋಡಿ ಅಡುಗೆ ಬದಲಿಸೋಕೆ ಟೈಮ್ ಇರುವುದಿಲ್ಲ. ಅಡುಗೆಯ ಹೆಸರಿನ ಜೊತೆಗೆ ಅದು ಏನು ಅಂತಲೂ ಬರೆಯಿರಿ. ನಾನು ಕಳಿಸಿದ್ದು ಹೀಗಿತ್ತು:

"ಭಾನುವಾರ ಮಧ್ಯಾಹ್ನ 12.30ರಿಂದ ಊಟ. ಪಂದಿಕರಿ (ಹಂದಿ ಮಾಂಸ), ಕೋಳಿ ಕರಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ, ಆವಿಯಲ್ಲಿ ಬೇಯಿಸಿದ್ದು), ನೂಪುಟ್ಟು (ಅಕ್ಕಿ ಶಾವಿಗೆ), ತುಪ್ಪದ ಅನ್ನ, ಪಾಯಸ. ಸಸ್ಯಾಹಾರಿಗಳಿಗೆ ಬೇರೆ ಒಲೆ, ಬೇರೆ ಸೌಟು, ಹಾಲ್‌ನ ಎಡಗಡೆ ಬೇರೆ ಟೇಬಲ್. ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು, ಯಾವುದಾದರೂ ಪದಾರ್ಥ ಮೈಗೆ ಆಗದವರು ಬುಧವಾರದೊಳಗೆ ಹೇಳಿ. ಬೆಳಿಗ್ಗೆ ಬೇಗ ಬರುವವರಿಗೆ 8ರಿಂದ ತಿಂಡಿ ಇದೆ."

ಇಷ್ಟೇ ಸಾಕು. ಆ ತಿಂಡಿಯ ಸಾಲನ್ನು ಮಾತ್ರ ಬಿಡಬೇಡಿ. ಮೈಸೂರಿನಿಂದ ಮಡಿಕೇರಿಗೇ ಸುಮಾರು 120 ಕಿಲೋಮೀಟರ್, ಬೆಂಗಳೂರಿನವರು ಕತ್ತಲಲ್ಲೇ ಹೊರಟಿರುತ್ತಾರೆ, ಇಲ್ಲಿ ತಿಂಡಿ ಸಿಗುತ್ತದೆ ಅಂತ ಗೊತ್ತಿದ್ದರೆ ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಮುಹೂರ್ತಕ್ಕೆ ಸರಿಯಾಗಿ ಬಂದುಬಿಡುತ್ತಾರೆ.

ಹಂದಿ ಮಾಂಸದ ವಿಷಯವನ್ನು ನೇರವಾಗಿ ಬರೆಯಿರಿ. ಇಲ್ಲಿ ಅದು ಮದುವೆ ಊಟದ ಮರ್ಯಾದೆ, ಮುಚ್ಚಿಡುವಂಥದ್ದೇನೂ ಇಲ್ಲ. ಸುಮ್ನೆ 'ಕೊಡವ ಸ್ಪೆಷಲ್' ಅಂತ ಬರೆದರೆ ಯಾರಿಗೆ ಅರ್ಥವಾಗುತ್ತದೆ? ಮುಸ್ಲಿಂ ಗೆಳೆಯರನ್ನು ಕರೆದಿದ್ದರೆ ಅವರಿಗೆ ಬೇರೆಯಾಗಿ ಫೋನ್ ಮಾಡಿ. ಕೋಳಿ ಹಲಾಲ್ ಹೌದೋ ಅಲ್ಲವೋ, ಪಂದಿಕರಿ ಮಾಡಿದ ಪಾತ್ರೆ-ಸೌಟು ಕೋಳಿಗೂ ಬಳಸುತ್ತಾರೋ, ಅಡುಗೆಯವರನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆಯೇ ಹೇಳಿ. ಖಚಿತ ಇಲ್ಲ ಅಂದರೆ "ನಿಮಗೆ ಸಸ್ಯಾಹಾರಿ ಟೇಬಲ್ಲೇ ಒಳ್ಳೆಯದು" ಅನ್ನಿ. ಬೇಜಾರಾಗುವುದಿಲ್ಲ, ಹೇಳದೇ ಇದ್ದರೆ ಆಗುತ್ತದೆ.

ಹಿಂದಿನ ರಾತ್ರಿಯ ಊಟಕ್ಕೆ ಬೇರೆ ಮೆಸೇಜ್ ಮಾಡಿ, ಬರಬೇಕಾದವರಿಗೆ ಮಾತ್ರ. ಊರವರೆಲ್ಲ ಸೇರಿ ತರಕಾರಿ ಹೆಚ್ಚಿ, ವಾಲಗಕ್ಕೆ ಕುಣಿಯುವ ರಾತ್ರಿ ಅದು, ಗುಂಡು ಕೂಡ ಇರುತ್ತದೆ. ಎರಡನ್ನೂ ಒಂದೇ ಮೆಸೇಜಲ್ಲಿ ಹಾಕಿದರೆ ಎಲ್ಲರೂ ಹಿಂದಿನ ದಿನವೇ ಬಂದು ಇಳಿಯುತ್ತಾರೆ. ನಮ್ಮಲ್ಲಿ ಹಾಗೇ ಆಯಿತು, ಮಲಗೋಕೆ ಚಾಪೆ ಸಾಲಲಿಲ್ಲ.

ಊರಿನ ಹಿರಿಯರಿಗೆ, ನೆಂಟರಿಗೆ ಮೆಸೇಜ್ ಬೇಡ. ತೋಟದ ಮನೆಗಳಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಹಿರಿಯರಿಗೆ ಮೆಸೇಜಲ್ಲಿ ತಿಳಿಸಿದ್ದೇ ತಪ್ಪು ಅಂತ ಮುನಿಸಿಕೊಳ್ಳುವ ಮಾವಂದಿರೂ ಇದ್ದಾರೆ. ಪತ್ರಿಕೆ ಕೊಡಲು ಹೋದಾಗಲೇ "ಶುಗರ್ ಇದೆಯಾ ಮಾವ, ಖಾರ ಕಡಿಮೆ ಬೇಕಾ?" ಅಂತ ಕೇಳಿ ಬರೆದುಕೊಳ್ಳಿ.

ಉತ್ತರಗಳೆಲ್ಲ ಒಬ್ಬರ ಫೋನಿಗೇ ಬರಲಿ. ಮದುಮಗಳ ಫೋನಿಗಂತೂ ಬೇಡವೇ ಬೇಡ. ಅರ್ಧಕ್ಕರ್ಧ ಜನ ಉತ್ತರ ಕೊಡುವುದಿಲ್ಲ ಬಿಡಿ, ಅನುಮಾನ ಇರುವವರಿಗೆ ನೀವೇ ಫೋನ್ ಹಚ್ಚಿ. ಸಸ್ಯಾಹಾರಿಗಳ ಲೆಕ್ಕವನ್ನು ಅಡುಗೆಯವರಿಗೆ ಕೊಡುವಾಗ ಸ್ವಲ್ಪ ಜಾಸ್ತಿಯೇ ಹೇಳಿ. ಪಲ್ಯ, ಪಾಯಸ ಚೆನ್ನಾಗಿದ್ದರೆ ಮಾಂಸ ತಿನ್ನುವವರೂ ಆ ಟೇಬಲ್‌ಗೆ ನುಗ್ಗುತ್ತಾರೆ. ನಲವತ್ತು ಜನಕ್ಕೆ ಮಾಡಿಸಿದ್ದು ಅರ್ಧ ಗಂಟೆಯಲ್ಲಿ ಖಾಲಿಯಾದದ್ದನ್ನು ನಾನೇ ನೋಡಿದ್ದೇನೆ.

ಮದುವೆಯ ಬೆಳಿಗ್ಗೆ ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ಇಡಿ, ಮೆಸೇಜಲ್ಲಿ ಬರೆದ ಅದೇ ಹೆಸರು, ದಪ್ಪ ಅಕ್ಷರದಲ್ಲಿ. ಬಡಿಸುವವರನ್ನು ಒಂದು ಸಲ ನಿಲ್ಲಿಸಿಕೊಂಡು ಯಾವ ಪಾತ್ರೆಯಲ್ಲಿ ಏನಿದೆ ಅಂತ ಅವರ ಭಾಷೆಯಲ್ಲೇ ಹೇಳಿಸಿ. ಪಂದಿಕರಿಯ ಹತ್ತಿರ ಮಾತ್ರ ನಮ್ಮ ಕಡೆಯವರೊಬ್ಬರು ನಿಂತಿರಲಿ. ಚಿಕ್ಕಮ್ಮನಂಥವರು, ಗಂಟಲು ಜೋರಾಗಿರುವವರು.