ಹದಿನೈದು ಮಂದಿ, ಮೂವರು ಕಳ್ಳರು: ನೆಂಟರು ತುಂಬಿದ ಮನೆಗೊಂದು ಆಟ

ಹಬ್ಬಕ್ಕೋ ಮದುವೆಗೋ ನೆಂಟರು ಸೇರಿದ ಮನೆಯಲ್ಲಿ, ರಾತ್ರಿ ಊಟದ ನಂತರ ಇಸ್ಪೀಟ್ ಎಲೆ ಹೊರಬಂದರೆ ಆಡಲು ಕೂರುವವರು ನಾಲ್ಕೈದು ಜನ. ಉಳಿದವರ ಕೈಯಲ್ಲಿ ಮೊಬೈಲ್. ಅದೇ ಕಟ್ಟಿನಿಂದ ಎಲ್ಲರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸುವ ಆಟ ‘ಮಾಫಿಯಾ’. ಊರವರ ನಡುವೆ ಗುಟ್ಟಾಗಿ ಅಡಗಿ ರಾತ್ರಿ ಕೊಲೆ ಮಾಡುವ ಮಾಫಿಯಾದವರನ್ನು, ಅಂದರೆ ಪಾತಕಿಗಳ ಕೂಟವನ್ನು, ಉಳಿದವರು ಹಗಲಲ್ಲಿ ಪತ್ತೆ ಹಚ್ಚುವುದೇ ಮೂಲ ಆಟ. ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ಡಿಮಿಟ್ರಿ ಡೇವಿಡಾಫ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಮಾಫಿಯಾದವರ ಜಾಗಕ್ಕೆ ತೋಳಮನುಷ್ಯರನ್ನು ತಂದರು. ಬಾಲ್ಯದಲ್ಲಿ ಚೀಟಿ ಎತ್ತಿ ‘ರಾಜ ರಾಣಿ ಕಳ್ಳ ಪೊಲೀಸ್’ ಆಡಿದವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಅಲ್ಲಿ ಊಹಿಸುವವನು ಪೊಲೀಸ್ ಒಬ್ಬನೇ, ಇಲ್ಲಿ ಇಡೀ ಊರು.

ಮಕ್ಕಳೂ ಅಜ್ಜಿಯೂ ಜೊತೆಗಿರುವುದರಿಂದ ನಮ್ಮ ಮನೆಯಲ್ಲಿ ಕೊಲೆಯನ್ನು ಕಳ್ಳತನವಾಗಿಸಿದ್ದೇವೆ. ನಿಯಮವೇನೂ ಬದಲಾಗುವುದಿಲ್ಲ.

ಹದಿನೈದು ಮಂದಿಯಲ್ಲಿ ಒಬ್ಬರು ಸೂತ್ರಧಾರರು. ಉಳಿದ ಹದಿನಾಲ್ವರಿಗೆ ಹದಿನಾಲ್ಕು ಎಲೆ ಆರಿಸಿ: ಮೂರು ಗುಲಾಮ, ಒಂದು ರಾಜ, ಒಂದು ರಾಣಿ, ಒಂಬತ್ತು ಅಂಕಿಯ ಎಲೆ. ಗುಲಾಮ ಬಂದವರು ಕಳ್ಳರು, ರಾಜ ಪೊಲೀಸ್, ರಾಣಿ ಕಾವಲುಗಾರ, ಉಳಿದವರು ಊರವರು. ಆಡುವವರು ಹತ್ತೇ ಮಂದಿಯಾದರೆ ಎರಡು ಗುಲಾಮ ಸಾಕು. ಕಲೆಸಿ ಹಂಚಿ. ಪ್ರತಿಯೊಬ್ಬರೂ ತಮ್ಮ ಎಲೆ ನೋಡಿ, ಮಗುಚಿ ಮಂಡಿಯ ಮುಂದೆ ಇಟ್ಟುಕೊಳ್ಳಲಿ.

‘ಊರು ಮಲಗಿತು’ ಎಂದು ಸೂತ್ರಧಾರರು ಹೇಳಿದೊಡನೆ ಎಲ್ಲರೂ ಕಣ್ಣು ಮುಚ್ಚಿ, ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಿರಬೇಕು. ಈ ತಟ್ಟುವಿಕೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಪಕ್ಕದವರ ಬಳೆಯ ಸದ್ದೇ ಗುಟ್ಟು ಬಿಟ್ಟುಕೊಡುತ್ತದೆ. ಮೊದಲು ಕಳ್ಳರು ಕಣ್ಣು ತೆರೆದು ಒಬ್ಬರನ್ನೊಬ್ಬರು ಗುರುತಿಸಿಕೊಂಡು, ಯಾರ ಮನೆ ದೋಚಬೇಕೆಂದು ಸನ್ನೆಯಲ್ಲೇ ತೀರ್ಮಾನಿಸುತ್ತಾರೆ. ಅವರು ಕಣ್ಣು ಮುಚ್ಚಿದ ಮೇಲೆ ಕಾವಲುಗಾರ ಒಂದು ಮನೆಯನ್ನು ತೋರಿಸುತ್ತಾನೆ. ದೋಚಲು ಆರಿಸಿದ್ದೂ ಅದೇ ಮನೆಯಾದರೆ ಕಳ್ಳರಿಗೆ ಬರಿಗೈ. ಕೊನೆಗೆ ಪೊಲೀಸ್ ಒಬ್ಬರತ್ತ ಬೆರಳು ಮಾಡುತ್ತಾನೆ. ಅವರು ಕಳ್ಳರೋ ಅಲ್ಲವೋ ಎಂಬುದನ್ನು ಸೂತ್ರಧಾರರು ತಲೆಯಾಡಿಸಿ ತಿಳಿಸುತ್ತಾರೆ. ಸೂತ್ರಧಾರರಿಗೊಂದು ಕಿವಿಮಾತು: ನಿಂತಲ್ಲೇ ನಿಂತು ಮಾತನಾಡದೆ ವೃತ್ತದ ಸುತ್ತ ನಡೆಯುತ್ತಿರಿ. ದನಿ ಬಂದ ದಿಕ್ಕನ್ನು ಹಿಡಿದು ಕಳ್ಳರನ್ನು ಪತ್ತೆ ಮಾಡುವ ಚುರುಕು ಕಿವಿಗಳು ಪ್ರತಿ ಮನೆಯಲ್ಲೂ ಇರುತ್ತವೆ.

ಬೆಳಗಾಯಿತು. ಮನೆ ಕಳೆದುಕೊಂಡವರು ಎಲೆ ತೋರಿಸದೆ ಆಟದಿಂದ ಹೊರಗೆ. ಇನ್ನು ಮಾತು, ಮಾತು, ಮಾತು. ಆಟದ ಜೀವವಿರುವುದು ಈ ಹಗಲಿನಲ್ಲೇ. ತಿಳಿದವರು ಮೂವರೇ, ಆದರೆ ಅವರಿಗೆ ಎಲ್ಲವೂ ತಿಳಿದಿದೆ. ತಿಳಿಯದವರ ಬಳಿ ಇರುವುದು ಸಂಖ್ಯಾಬಲ ಮಾತ್ರ. ಹತ್ತು ನಿಮಿಷದ ಮಿತಿ ಇಡಿ. ಬಳಿಕ ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಬೆರಳು ತೋರಿಸಲಿ. ಒಬ್ಬೊಬ್ಬರಾಗಿ ಹೇಳಿದರೆ ಮೊದಲು ಬಾಯಿ ತೆರೆದ ದೊಡ್ಡವರ ಹಿಂದೆ ಉಳಿದವರು ಸಾಲುಗಟ್ಟುತ್ತಾರೆ, ಅಲ್ಲಿಗೆ ಆಟ ಸಪ್ಪೆಯಾಯಿತು. ಹೆಚ್ಚು ಬೆರಳು ಯಾರತ್ತ ಇವೆಯೋ ಅವರು ಊರು ಬಿಡಬೇಕು, ಅವರ ಎಲೆಯೂ ಮುಚ್ಚಿಯೇ ಇರಲಿ. ಸರಿಸಮವಾದರೆ ಆ ದಿನ ಯಾರೂ ಹೋಗುವುದಿಲ್ಲ.

ಮತ್ತೆ ರಾತ್ರಿ. ಪೊಲೀಸ್ ಅಥವಾ ಕಾವಲುಗಾರ ಹೊರಬಿದ್ದಿದ್ದರೂ ಅವರನ್ನು ಎಂದಿನಂತೆ ಕರೆದು, ಎಂದಿನಷ್ಟೇ ಹೊತ್ತು ಕಾಯಿರಿ.

ಮೂವರೂ ಸಿಕ್ಕಿಬಿದ್ದರೆ ಊರಿನ ಗೆಲುವು. ಕಳ್ಳರೂ ಉಳಿದವರೂ ಸರಿಸಮವಾದರೆ ಕಳ್ಳರದ್ದು. ಕಾವಲು ಒಮ್ಮೆಯೂ ಫಲಿಸದೆ, ಹಗಲಿನ ನಿರ್ಧಾರವೂ ಪ್ರತಿ ಬಾರಿ ತಪ್ಪುತ್ತಾ ಹೋದರೆ ನಾಲ್ಕನೆಯ ಹಗಲಿಗೆ ಊರು ಮುಳುಗುತ್ತದೆ. ಆದ್ದರಿಂದ ಯಾರು ಜೋರಾಗಿ ಮಾತನಾಡಿದರು ಎನ್ನುವುದಕ್ಕಿಂತ ಯಾರ ಬೆರಳು ಯಾರತ್ತ ಇತ್ತು ಎಂಬುದನ್ನು ನೆನಪಿಡಿ. ಮೊದಮೊದಲು ಕಳ್ಳರು ತಮ್ಮವರತ್ತ ಬೆರಳು ಮಾಡಲು ಹಿಂಜರಿಯುತ್ತಾರೆ. ಸುಮ್ಮನಿರುವವರನ್ನೇ ಅನುಮಾನಿಸುವುದು ಎಲ್ಲರೂ ಮಾಡುವ ತಪ್ಪು. ಮಿತಭಾಷಿಗಳು ಊರವರಾಗಿದ್ದರೂ ಮಿತಭಾಷಿಗಳೇ. ಅವರನ್ನು ಹೊರಗೆ ಕಳಿಸುವ ಮೊದಲು ಅವರ ಹೆಸರು ಹಿಡಿದು ಅಭಿಪ್ರಾಯ ಕೇಳಿ.

ನನ್ನ ಮನಸ್ಸಿಗೆ ಚುಚ್ಚುವುದು ಮೊದಲ ರಾತ್ರಿಯೇ ಹೊರಬಿದ್ದ ಮಗುವಿನ ಮುಖ. ಹೊರಬಿದ್ದವರು ತುಟಿ ಬಿಚ್ಚುವಂತಿಲ್ಲ, ಆದರೆ ಇನ್ನು ಮೇಲೆ ಅವರು ಕಣ್ಣು ಮುಚ್ಚಬೇಕಾಗಿಯೂ ಇಲ್ಲ. ಆ ಮಗುವನ್ನು ಸೂತ್ರಧಾರರ ಪಕ್ಕಕ್ಕೆ ಕರೆದುಕೊಳ್ಳಿ, ಊರು ಮಲಗಿದಾಗ ನಡೆಯುವುದನ್ನೆಲ್ಲ ಅದು ನೋಡಲಿ. ಆಟ ಮುಗಿದು ಎಲೆಗಳೆಲ್ಲ ಅಂಗಾತವಾದಾಗ, ಯಾವ ರಾತ್ರಿ ಯಾರು ಯಾರ ಮನೆಗೆ ನುಗ್ಗಿದರು ಎಂಬ ಕಥೆಯನ್ನು ಅದರ ಬಾಯಿಂದಲೇ ಕೇಳಿ. ಮುಂದಿನ ಆಟಕ್ಕೆ ಅದೇ ಸೂತ್ರಧಾರ.